ಗೆರೆ ದಾಟದ ಕಾರು

ಬೆಳಗಿನ ಎರಡನೆಯ ಚಹಾಕ್ಕೆ ನೀರಿಟ್ಟಿದ್ದೆ, ಯಾರೋ ಬಾಗಿಲು ಬಡಿದರು. ತೆರೆದರೆ ಹಿಂದಿನ ಬೀದಿಯ ಹಲ್ಲಿನ ಲ್ಯಾಬಿನ ಹುಡುಗಿ ನಿಂತಿದ್ದಳು. ಕೈಯಲ್ಲಿ ಬಟ್ಟೆ ತುರುಕಿದ ಚೀಲ, ಅತ್ತು ಅತ್ತು ಊದಿದ ಕಣ್ಣು.

"ಅಮ್ಮ ಇದ್ದಾರಾ ಅಂಕಲ್? ಮಾವ ಮನೆ ಬಿಟ್ಟು ಹೋಗು ಅಂದುಬಿಟ್ರು. ಸಂಜೆಯೊಳಗೆ ಹೋಗ್ಬೇಕಂತೆ."

ಅಮ್ಮ ಎಂದರೆ ನನ್ನಾಕೆ. ನೌಕರಿಯ ಕಾಲವೆಲ್ಲ ಅವಳು ವಿಮಾ ಕಂಪನಿಯ ಪರವಾಗಿ ಸುಟ್ಟ ಅಂಗಡಿಗಳ ಬೂದಿ ಕೆದಕಿದವಳು. ಬೆಂಕಿ ತಾನಾಗಿ ಹತ್ತಿಕೊಂಡಿತೋ, ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವಳ ಕೆಲಸವಾಗಿತ್ತು. ಹಾಗಾಗಿ ಬೀದಿಗೆಲ್ಲ ಅವಳು ಬೂದಿಯಮ್ಮ. ಯಾರ ಮನೆಯಲ್ಲಿ ಏನು ಕಾಣೆಯಾದರೂ ನಮ್ಮ ಬಾಗಿಲಿಗೇ ಬರುತ್ತಾರೆ. ನಾನು ಸಿನಿಮಾ ಮಂದಿರದಲ್ಲಿ ರೀಲು ಓಡಿಸುತ್ತಿದ್ದವನು. ಮಂದಿರ ಮುಚ್ಚಿದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂತು. ಅಷ್ಟು ಚಿತ್ರಗಳ ಕೊನೆ ನೋಡಿದವನಾದ್ದರಿಂದ ಕಳ್ಳ ಯಾರೆಂದು ಮೊದಲೇ ಹೇಳಬಲ್ಲೆ ಎಂಬ ಹೆಮ್ಮೆ ನನಗಿದೆ. ಇದುವರೆಗೆ ಒಮ್ಮೆಯೂ ಸರಿಹೋಗಿಲ್ಲ ಎಂದು ಅವಳು ಹೇಳುತ್ತಾಳೆ, ನಾನು ಒಪ್ಪುವುದಿಲ್ಲ.

ಹುಡುಗಿಯ ಕತೆ ನಮಗೆ ಅಲ್ಪಸ್ವಲ್ಪ ಗೊತ್ತಿತ್ತು. ತಾಯಿ ತೀರಿಕೊಂಡ ಮೇಲೆ ಸೋದರಮಾವನೇ ಸಾಕಿದ. ಕಾಲೇಜಿನಲ್ಲಿದ್ದಾಗ ಕಾರು ಓಡಿಸುವ ಒಂದು ಕಂಪ್ಯೂಟರ್ ಆಟ ಅವಳನ್ನು ಹಿಡಿದು ನುಂಗಿತ್ತು. ಪರೀಕ್ಷೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಆಡುತ್ತ ಕುಳಿತು, ವರ್ಷವೇ ಕೈಬಿಟ್ಟಿತು. ಆಗ ಮಾವ ಆ ಆಟಕ್ಕೆ ಪಾಸ್‌ವರ್ಡ್ ಹಾಕಿ ಬೀಗ ಜಡಿದು, ಅವಳನ್ನು ತನ್ನ ಲ್ಯಾಬಿನ ಬೆಂಚಿಗೆ ಕೂರಿಸಿದ. ಮೇಣದಲ್ಲಿ ಹಲ್ಲು ತಿದ್ದುವುದನ್ನು ಕಲಿತ ಹುಡುಗಿ ಈಗ ಅಲ್ಲಿನ ಕಂಪ್ಯೂಟರ್ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದಳು.

"ನಿಧಾನವಾಗಿ ಹೇಳು. ನಿನ್ನೆ ಏನಾಯ್ತು?" ಎಂದು ನನ್ನಾಕೆ ಅವಳನ್ನು ಕೂರಿಸಿದಳು.

"ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸ್ ಮಾಡೋ ಒಬ್ಬರ ಕೇಸು ಅಮ್ಮ. ಅಂಗುಳಲ್ಲಿ ಗಡ್ಡೆ. ಆಪರೇಷನ್ ಮಾಡಿ ಅಂಗುಳು ತೆಗೆದಿದ್ದಾರೆ. ಆ ತೂತು ಮುಚ್ಚೋ ತಟ್ಟೆ ನಾವು ಮಾಡಿಕೊಡ್ಬೇಕು, ಇಲ್ಲದಿದ್ರೆ ಅವರು ನುಂಗೋಕೂ ಆಗಲ್ಲ, ಮಾತಾಡೋಕೂ ಆಗಲ್ಲ. ಮೊದಲಿನ ಬಾಯಿ ಹೇಗಿತ್ತು ಅಂತ ಆಪರೇಷನ್‌ಗೆ ಮುಂಚೆ ತೆಗೆದ ಸ್ಕ್ಯಾನ್ ಒಂದಿತ್ತು. ಅದೇ ಅಳಿಸಿಹೋಗಿದೆ. ನಾಳೆ ಡಾಕ್ಟ್ರು ಗಾಯದ ಕಟ್ಟು ಬಿಚ್ತಾರೆ."

"ನೀನು ಅಳಿಸಿದ್ದು ಅಂತಾರಾ?"

"ಆಟ ಆಡ್ತಾ ಅಳಿಸಿಬಿಟ್ಟೆ ಅಂತಾರೆ. ಮಧ್ಯಾಹ್ನ ಊಟ ಆಗಿ ಪಾತ್ರೆ ತೊಳೀತಿದ್ದೆ. 'ಕೆಳಗೆ ಫ್ಯಾನ್ ಓಡ್ತಾ ಇದೆ, ಆರಿಸಿ ಬಾ' ಅಂದ್ರು ಅತ್ತೆ. ಇಳಿದು ನೋಡಿದ್ರೆ ಸ್ಕ್ರೀನ್ ಮೇಲೆ ಅದೇ ಆಟ. ಮುಚ್ಚೋಣ ಅಂತ ಕುರ್ಚಿ ಎಳೆದು ಕೂತೆ, ಹಿಂದೆ ಮಾವ ನಿಂತಿದ್ರು. ನನ್ನ ಹಳೇ ಚಾಳಿ ಎಲ್ಲರಿಗೂ ಗೊತ್ತಲ್ಲ ಅಮ್ಮ, ಯಾರು ನಂಬ್ತಾರೆ?"

"ಪಾಸ್‌ವರ್ಡ್ ನಿನಗೆ ಗೊತ್ತಾ?"

"ತಾಯಾಣೆಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋ ಆಸೇನೂ ಇಲ್ಲ."

ನನ್ನಾಕೆ ಎದ್ದು ಚಪ್ಪಲಿ ಮೆಟ್ಟಿದಳು. ಚಹಾ ಅಲ್ಲೇ ಆರಿಹೋಯಿತು.

ಲ್ಯಾಬು ಇದ್ದದ್ದು ಅವರ ಮನೆಯ ಕೆಳಗಿನ ಭಾಗದಲ್ಲಿ. ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ಮೇಲೆ ಮೇಣ ಕರಗಿಸುವ ದೀಪ, ಆಚೆ ಪ್ಲಾಸ್ಟರ್ ಉಜ್ಜುವ ಯಂತ್ರ. ಗೂಡಿನಲ್ಲಿ ಸಾಲಾಗಿ ಟ್ರೇಗಳು, ಒಂದೊಂದರಲ್ಲಿ ಯಾರದೋ ಬಾಯಿಯ ಬಿಳಿಯ ಪ್ಲಾಸ್ಟರ್ ಮಾದರಿ. ಎಲ್ಲಿ ಕೈಯಿಟ್ಟರೂ ಬೆರಳಿಗೆ ಬಿಳಿ ಪುಡಿ ಅಂಟುತ್ತಿತ್ತು. ಪ್ಲಾಸ್ಟರ್ ಕಲಸುತ್ತಿದ್ದ ಯಜಮಾನ, ಹುಡುಗಿಯ ಮಾವ, ತಲೆಯೆತ್ತಿದ. ನನ್ನ ಬಾಯಿಯ ಮೇಲ್ಸಾಲಿನ ಹಲ್ಲು ಅವನ ಕೈಕೆಲಸವೇ.

"ಬನ್ನಿ ಬನ್ನಿ. ಮೇಲ್ಸಾಲು ಹೇಗಿದೆ? ಎಲ್ಲಾದ್ರೂ ಕಚ್ತಾ ಇದ್ಯಾ?" ಎಂದ.

"ಮಗುವಿನ ಹಾಗೆ ಸುಮ್ಮನಿದೆ," ಎಂದೆ. ಹುಡುಗಿಯ ಹೆಸರೆತ್ತಿದ್ದೇ ತಡ, ಅವನ ಮುಖ ಗಂಟಾಯಿತು.

"ಅವಳ ಪರ ವಕಾಲತ್ತಿಗೆ ಬಂದಿದ್ರೆ ಬೇಡ ಬೂದಿಯಮ್ಮ. ಆಟಾನ ತೆಗೆದೇ ಹಾಕ್ಬಹುದಿತ್ತು. ಕಣ್ಣೆದುರಿಗೇ ಇರಲಿ, ಮುಟ್ಟದೇ ಇರೋದು ಕಲೀಲಿ ಅಂತ ಬೀಗ ಮಾತ್ರ ಹಾಕಿದ್ದೆ. ಅದನ್ನೂ ಮುರಿದಳು. ಅಲ್ಲಿ ಒಬ್ಬ ಹೆಂಗಸು ಬಾಯಿ ಕಳ್ಕೊಂಡು ಮಲಗಿದ್ದಾಳೆ, ಇವಳಿಗೆ ಕಾರು ಬೇಕಾಗಿತ್ತು."

"ಅವಳು ಆಡೋದನ್ನ ಕಣ್ಣಾರೆ ಕಂಡ್ರಾ?"

"ಕುರ್ಚಿ ಮೇಲೆ ಕೂತಿದ್ಲು. ಕಾರು ಶುರುವಿನ ಗೆರೆ ಮೇಲೆ ಗುರ್ರ್ ಅಂತಾ ನಿಂತಿತ್ತು, ಗಡಿಯಾರ ಓಡ್ತಾ ಇತ್ತು. ಇನ್ನೇನು ಕಾಣ್ಬೇಕು? ಮೌಸಿಂದ ಆಟ ಮುಚ್ಚಿ ನೋಡಿದ್ರೆ ಆ ಸ್ಕ್ಯಾನೇ ಇಲ್ಲ. ಡ್ರಾಯರಲ್ಲಿ ನಕಲಿಟ್ಟಿರೋ ಡಿಸ್ಕ್ ಹಾಕಿ ನೋಡಿದ್ರೆ ಅದರಲ್ಲೂ ಇಲ್ಲ. ಪ್ಲಗ್ ಕಿತ್ತು, ಹೊದಿಕೆ ಎಳೆದುಬಿಟ್ಟೆ. ರಿಪೇರಿಯವನು ಬಂದು ಡಿಸ್ಕ್ ಎರಡನ್ನೂ ಬಿಚ್ಚಿ ಅಂಗಡಿಗೆ ಒಯ್ದ, ರಾತ್ರಿ ತಂದು ಜೋಡಿಸಿ ಕೈ ಚೆಲ್ಲಿದ."

"ನೀವು ಊಟ ಆದ ಕೂಡಲೇ ಕೆಳಗೆ ಬಂದಿದ್ದು ಯಾಕೆ?"

"ಕನ್ನಡಕ ಕೆಳಗೆ ಬಿಟ್ಟಿದ್ದೀರಿ ಅಂತ ಇವಳು ಅಂದಳು. ನೋಡಿದ್ರೆ ಜೇಬಲ್ಲೇ ಇತ್ತು."

ಇವಳು ಎಂದರೆ ಅವನ ಹೆಂಡತಿ. ಆಕೆ ಮೆಟ್ಟಿಲ ಬಳಿ ಸೆರಗಿನ ತುದಿ ಹಿಡಿದು ನಿಂತಿದ್ದರು. ಗಂಡನ ಮುಖವನ್ನೇ ನೋಡುತ್ತಿದ್ದರು, ನಮ್ಮ ಕಡೆ ಕಣ್ಣು ಹಾಯಿಸಲಿಲ್ಲ.

ನನ್ನಾಕೆ ಕಂಪ್ಯೂಟರಿನ ಹೊದಿಕೆಯನ್ನು ಮೆಲ್ಲಗೆ ಎತ್ತಿ, ಟಾರ್ಚು ಹಿಡಿದು ಬಗ್ಗಿದಳು. ಕೀಬೋರ್ಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅಕ್ಷರದ ಕೀಲಿಗಳು ಮಾಸಲಾಗಿದ್ದವು, ಮೇಲ್ಸಾಲಿನ ಕೆಲವು ಅಂಕಿಗಳು ಮಾತ್ರ ಒರೆಸಿದಷ್ಟು ಸ್ವಚ್ಛ. ಬಲಮೂಲೆಯ ಬಾಣದ ಕೀಲಿಗಳ ಮೇಲೆ ಬಿಳಿ ಪುಡಿ ಕದಲದೆ ಕುಳಿತಿತ್ತು.

"ಆ ಆಟ ಒಂಚೂರು ತೆಗೆದು ತೋರಿಸ್ತೀರಾ?" ಎಂದಳು.

ಯಜಮಾನ ಎದ್ದ. "ನನಗೊಬ್ಬನಿಗೇ ಗೊತ್ತು ಪಾಸ್‌ವರ್ಡು," ಎನ್ನುತ್ತ ಕಂಪ್ಯೂಟರ್ ಬಳಿ ಬಂದು ಒಂದು ಕ್ಷಣ ನಿಂತ. ಅಷ್ಟರಲ್ಲಿ ಹೆಂಡತಿ ಮುಂದೆ ಬಂದು, "ನಿಮ್ಮ ಕೈಯೆಲ್ಲ ಪ್ಲಾಸ್ಟರು, ಇರಿ," ಎಂದು ತಾವೇ ಅಂಕಿಗಳನ್ನು ಒತ್ತಿದರು. ಪರದೆಯ ಮೇಲೆ ಕೆಂಪು ಕಾರೊಂದು ಬಿಳಿಗೆರೆಯ ಮೇಲೆ ನಿಂತು ಹೊಗೆಯುಗುಳತೊಡಗಿತು. ಬಾಣದ ಕೀಲಿ ಒತ್ತುವವರೆಗೆ ಅದು ಅಲ್ಲಾಡಲಿಲ್ಲ.

"ಆ ಹೆಂಗಸಿನ ಬಾಯಿಯ ಪ್ಲಾಸ್ಟರ್ ಮಾದರಿ ಇರಬೇಕಲ್ಲ? ಅದನ್ನೇ ಮತ್ತೆ ಸ್ಕ್ಯಾನ್ ಮಾಡಬಾರದಾ?" ಎಂದು ನಾನು ಕೇಳಿದೆ. ನನಗೆ ಬಾಯಿಯಷ್ಟೇ ಅಲ್ಲ, ಬುದ್ಧಿಯೂ ಇದೆಯೆಂದು ನನ್ನಾಕೆಗೆ ತೋರಿಸುವ ಆಸೆ.

"ಆಸ್ಪತ್ರೆಗೆ ಹೋಯ್ತಲ್ಲ. ನಿನ್ನೆ ಬೆಳಿಗ್ಗೆ ನಾನೇ ಕೊಟ್ಟು ಬಂದೆ," ಎಂದ ಯಜಮಾನ. "ಅಲ್ಲಿ ಕಳೆದುಹಾಕಿ, ಬಂದೇ ಇಲ್ಲ ಅಂತಾರೆ. ಅಂದಹಾಗೆ, ಮೇಲ್ಸಾಲು ಹೇಗಿದೆ? ಎಲ್ಲಾದ್ರೂ ಕಚ್ತಾ ಇದ್ಯಾ?"

ಚೆನ್ನಾಗಿದೆ ಎಂದೆ. ತನ್ನ ಕೆಲಸದ ಮೇಲೆ ಎಂಥ ಅಕ್ಕರೆ ಎಂದುಕೊಂಡೆ. ನನ್ನಾಕೆ ಹೊರಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿದಳು. ಮಾದರಿ ಅಲ್ಲಿಗೆ ಹೋಗಿಯೇ ಇರಲಿಲ್ಲ.

ಹಿತ್ತಲಿನ ಕುಲುಮೆಯ ಬಳಿ ಲೋಹದ ಎರಕ ಹೊಯ್ಯುವವನು ಕೆಲಸದಲ್ಲಿದ್ದ. ಅವನನ್ನು ಕಂಡ ಕೂಡಲೇ ಇವನೇ ಎಂದು ನನಗನ್ನಿಸಿತು. ಲ್ಯಾಬಿನಲ್ಲಿ ತುಂಬ ಹಳಬ, ಆದರೆ ಕಂಪ್ಯೂಟರ್ ಮೇಜು ನಿನ್ನೆ ಮೊನ್ನೆ ಬಂದ ಹುಡುಗಿಗೆ ಸಿಕ್ಕಿತ್ತು. ಮೇಲಾಗಿ ಅವನ ಪಕ್ಕದಲ್ಲಿ ಸುತ್ತಿಗೆಯೊಂದು ಬಿದ್ದಿತ್ತು.

"ನನಗೆ ಹೊಟ್ಟೆಕಿಚ್ಚು ಅಂತೀರಾ? ಇತ್ತು," ಎಂದ ಅವನು ಮುಚ್ಚುಮರೆಯಿಲ್ಲದೆ. "ಆದ್ರೆ ನಿನ್ನೆ ಮಧ್ಯಾಹ್ನ ಎರಕ ಹೊಯ್ದಿದ್ದೆ. ಹೊಯ್ದ ಮೇಲೆ ಕುಲುಮೆ ಬಿಟ್ಟು ಏಳಂಗಿಲ್ಲ, ಎದ್ರೆ ಲೋಹ ಬಿರುಕು. ಅಗೋ, ಒಂದು ಬಿರುಕಿಲ್ಲ ನೋಡಿ."

"ಕೆಲಸ ಮುಗಿದ ಮಾದರಿಗಳನ್ನ ಏನು ಮಾಡ್ತೀರಿ?" ನನ್ನಾಕೆ ಕೇಳಿದಳು.

"ಕೇಸು ಮುಚ್ಚೋದು ಅಂತೀವಿ. ಹಲ್ಲು ಹೋಗಿ ಬಾಯಲ್ಲಿ ಕೂತ ಮೇಲೆ ಮಾದರಿ ಒಡೆದುಹಾಕೋದು. ಒಬ್ಬರ ಬಾಯಿ ಇನ್ನೊಬ್ಬರ ಕೈಗೆ ಸಿಗಬಾರದು ಅಂತ. ಆಮೇಲೆ ಕಂಪ್ಯೂಟರಲ್ಲಿ, ಡ್ರಾಯರಲ್ಲಿರೋ ಡಿಸ್ಕಲ್ಲಿ ಸ್ಕ್ಯಾನ್ ಅಳಿಸೋದು. ಟ್ರೇ ತೊಳೆದು ಬೋರಲು ಹಾಕೋದು. ಎಲ್ಲಾ ಯಜಮಾನರೇ ಮಾಡ್ಬೇಕು, ನಾವು ಮುಟ್ಟಂಗಿಲ್ಲ. ಡ್ರಾಯರ್ ಬೀಗದ ಕೈ ಅವರ ಸೊಂಟದಲ್ಲೇ ಇರತ್ತೆ." ಅವನು ಗೂಡಿನ ಕಡೆ ಗದ್ದ ಎತ್ತಿದ. "ನೋಡಿ, ಆ ಬ್ಯಾಂಕಿನ ವಾಚ್‌ಮನ್ ಹಲ್ಲು ನಿನ್ನೆ ಬೆಳಿಗ್ಗೇನೇ ಆಸ್ಪತ್ರೆಗೆ ಹೋಯ್ತು. ಮಾದರಿ ಇನ್ನೂ ಇಲ್ಲೇ ಕೂತಿದೆ. ಗಲಾಟೇಲಿ ಮರೆತಿದ್ದಾರೆ."

ವಾಚ್‌ಮನ್‌ನ ಟ್ರೇ ಪಕ್ಕದ ಜಾಗ ಖಾಲಿಯಿತ್ತು, ಕೆಳಗೆ ತೊಳೆದ ಟ್ರೇ ಒಂದು ಬೋರಲು ಬಿದ್ದಿತ್ತು.

"ಒಡೆದ ಚೂರು ಎಲ್ಲಿ ಹಾಕ್ತೀರಿ?"

"ಮೂಟೇಲಿ. ಇವತ್ತು ಕಸದ ಲಾರಿ ದಿನ, ಗೇಟಿನ ಹತ್ರ ಇಟ್ಟೆ."

ಆಗಲೇ ಬೀದಿಯ ತಿರುವಿನಲ್ಲಿ ಲಾರಿಯ ಹಾರನ್ನು ಕೇಳಿಸಿತು. "ರೀ, ಓಡಿ," ಎಂದಳು ನನ್ನಾಕೆ. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ಕಂಡವರು ನಕ್ಕಿರಬೇಕು. ಲಾರಿಯವನು ಮೂಟೆಯ ಒಂದು ಕಿವಿ ಹಿಡಿದು ಎತ್ತಿಯಾಗಿತ್ತು, ನಾನು ಇನ್ನೊಂದು ಕಿವಿ ಹಿಡಿದು ಜೋತುಬಿದ್ದೆ. "ಕಸಕ್ಕೂ ಜಗಳವೇನ್ರಿ ಯಜಮಾನ್ರೆ?" ಎಂದ ಅವನು. ಹೌದಪ್ಪ ಎಂದೆ, ಏದುಸಿರಿನಲ್ಲಿ ಬೇರೆ ಮಾತು ಹೊರಡಲಿಲ್ಲ.

ಹಳೇ ಪತ್ರಿಕೆ ಹಾಸಿ ಮೂಟೆಯ ಮೇಲ್ಭಾಗವನ್ನು ಸುರಿದೆವು. ಬೂದಿಯಲ್ಲಿ ಕೈಯಾಡಿಸುವಂತೆ ನನ್ನಾಕೆ ಚೂರುಗಳನ್ನು ಬೇರ್ಪಡಿಸಿದಳು. ಹುಡುಗಿ ಒಂದು ಚೂರನ್ನು ಎತ್ತಿಕೊಂಡು ಬೆರಳಿನಿಂದ ಸವರಿದಳು.

"ಇದೇ ಅಮ್ಮ. ಅಂಗುಳಲ್ಲಿ ಈ ಉಬ್ಬು ಇದ್ಯಲ್ಲ, ಇದೇ ಗಡ್ಡೆ. ಮಾದರೀನೂ ಒಡೆದಿದ್ದಾರೆ."

"ಜೋಡಿಸ್ತೀಯಾ?"

ಹುಡುಗಿ ಕಣ್ಣೊರೆಸಿಕೊಂಡು ಚೂರುಗಳನ್ನು ಎಣಿಸದೆ, ಸುಮ್ಮನೆ ಒಂದರ ಪಕ್ಕ ಒಂದನ್ನಿಟ್ಟು ನೋಡಿದಳು. "ಒಡೆದ ಅಂಚು ಚೂಪಾಗಿದೆ. ಆಗತ್ತೆ."

ಅವಳು ಹಿತ್ತಲಿನ ಮೂಲೆಯಲ್ಲಿ ಅಂಟು ಹಿಡಿದು ಕುಳಿತಳು. ನನ್ನಾಕೆ ಮಾತ್ರ ಕಲ್ಲಿನ ಮೇಲೆ ಕೂತು ಬೆರಳಿನ ಪುಡಿಯನ್ನು ಉಜ್ಜಿಕೊಳ್ಳುತ್ತಲೇ ಇದ್ದಳು.

"ಗೊತ್ತಾಯ್ತಾ?" ಎಂದೆ. "ಎರಕದವನೇ ತಾನೆ?"

"ಈ ಸಲ ಕೆದಕೋದೇ ಬೇಡ ಅನ್ನಿಸ್ತಿದೆ ರೀ," ಎಂದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. "ಕೆದಕದಿದ್ರೆ ಈ ಮಗು ಚೀಲ ಹಿಡ್ಕೊಂಡು ಬೀದೀಲಿ ನಿಲ್ಲತ್ತೆ. ಎಲ್ಲರನ್ನೂ ಕರೀರಿ."

ಬೆಂಚಿನ ಸುತ್ತ ಎಲ್ಲರೂ ಸೇರಿದರು. ಯಜಮಾನ ತನ್ನ ಕುರ್ಚಿಯಲ್ಲಿ ಬಿಗಿದುಕೊಂಡು ಕುಳಿತ. ಹೆಂಡತಿ ಅವನ ಹಿಂದೆ ನಿಂತರು. ಎರಕದವನು ಕಂಬಕ್ಕೆ ಒರಗಿದ. ಹುಡುಗಿ ಜೋಡಿಸಿದ ಮಾದರಿಯನ್ನು ತಂದು ಬೆಂಚಿನ ಮೇಲೆ ಇಟ್ಟಳು. ಬಿರುಕುಗಳ ಗೆರೆ ಕಾಣುತ್ತಿದ್ದರೂ ಅಂಗುಳು ಪೂರ್ತಿಯಿತ್ತು. ಯಜಮಾನ ಅದನ್ನು ನೋಡಿ ಕಣ್ಣು ಕಿರಿದುಗೊಳಿಸಿದ.

"ಇದು ಆಸ್ಪತ್ರೇಲಿ ಇರ್ಬೇಕು."

"ಮೂಟೇಲಿ ಸಿಕ್ತು," ಎಂದಳು ನನ್ನಾಕೆ. "ಮೊದಲು ಆಟದ ವಿಷಯ. ಈ ಆಟ ಬಾಣದ ಕೀಲಿಯಿಂದ ಆಡೋದು. ನಿಮ್ಮ ಕೆಲಸಕ್ಕೆ ಆ ಕೀಲಿ ಬೇಕಿಲ್ಲ, ಹಾಗಾಗಿ ಅದರ ಮೇಲೆ ಪುಡಿ ದಪ್ಪಗೆ ಕೂತಿದೆ. ನಿನ್ನೆ ನೀವೇ ಹೊದಿಕೆ ಎಳೆದಿದ್ರಿ. ಇವತ್ತು ನಾನು ಎತ್ತಿದಾಗಲೂ ಪುಡಿ ಹಾಗೇ ಇತ್ತು. ಕಾರು ಗೆರೆ ಮೇಲೇ ನಿಂತಿತ್ತು ಅಂತ ನೀವೇ ಅಂದ್ರಿ. ಆಟ ತೆಗೆದಿದ್ದಾರೆ, ಯಾರೂ ಆಡಿಲ್ಲ. ಆಟದ ಹುಚ್ಚಿರೋರು ಗಡಿಯಾರ ಓಡ್ತಾ ಇದ್ರೆ ಕೈ ಕಟ್ಟಿ ಕೂರ್ತಾರಾ?"

"ಆಗ ತಾನೇ ಶುರು ಮಾಡಿರ್ಬಹುದು," ಎಂದ ಯಜಮಾನ.

"ಆಡೋಕೆ ಮುಂಚೇನೇ ಸ್ಕ್ಯಾನ್ ಅಳಿಸಿಹೋಗತ್ತಾ? ಆಟದ ಅವಾಂತರದಲ್ಲಿ ಕಂಪ್ಯೂಟರಿನ ಸ್ಕ್ಯಾನ್ ಹೋಗ್ಬಹುದು ಅಂತಾನೇ ಇಟ್ಕೊಳ್ಳಿ. ಬೀಗ ಹಾಕಿದ ಡ್ರಾಯರಲ್ಲಿರೋ ಡಿಸ್ಕಿಂದಲೂ ಹೋಗತ್ತಾ? ಪ್ಲಾಸ್ಟರ್ ಮಾದರಿ ಒಡೆದು ಮೂಟೆಗೆ ಬೀಳತ್ತಾ? ಟ್ರೇ ತೊಳೆದು ಬೋರಲಾಗತ್ತಾ? ಮಾದರಿ, ಕಂಪ್ಯೂಟರು, ಡಿಸ್ಕು, ಟ್ರೇ. ಇದು ಕೆಡುಕು ಮಾಡೋರ ಕೆಲಸ ಅಲ್ಲ. ನಿಮ್ಮ ಮನೆ ಪದ್ಧತಿ. ಯಾರೋ ಕೇಸು ಮುಚ್ಚಿದ್ದಾರೆ."

ಎರಕದವನು ಕಂಬ ಬಿಟ್ಟು ನೆಟ್ಟಗೆ ನಿಂತ. ಅವನಿಗೆ ಹೊಳೆದಿತ್ತು.

"ನಿನ್ನೆ ಒಂದು ಕೇಸು ಮುಚ್ಚಬೇಕಾಗಿತ್ತು ನಿಜ, ವಾಚ್‌ಮನ್‌ದು. ನೀವು ಆಸ್ಪತ್ರೆಗೆ ಕೊಟ್ಟು ಬಂದಿದ್ದೂ ಅವನ ಹಲ್ಲೇ. ಅದು ಇನ್ನೂ ಗೂಡಲ್ಲಿದೆ. ಪಕ್ಕದ ಟ್ರೇ ಹೋಗಿದೆ. ಒಂದರ ಬದಲು ಇನ್ನೊಂದು." ನನ್ನಾಕೆಯ ದನಿ ತಗ್ಗಿತು. "ಕೇಸು ಮುಚ್ಚೋರು ಈ ಲ್ಯಾಬಲ್ಲಿ ಒಬ್ಬರೇ."

ಯಜಮಾನ ನಕ್ಕ. "ನಾನಾ? ಮಾಡಿದ್ರೆ ನನಗೆ ನೆನಪಿರಲ್ವಾ?"

ಅವನು ಒಬ್ಬೊಬ್ಬರ ಮುಖ ನೋಡಿದ. ಕೊನೆಗೆ ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ, ನಗು ಅಲ್ಲಿಗೆ ನಿಂತಿತು. ನನಗೆ ಅಲ್ಲಿಂದ ಎದ್ದು ಹೋಗಿಬಿಡಬೇಕೆನಿಸಿತು.

"ಪಾಸ್‌ವರ್ಡು ನಿಮಗೊಬ್ಬರಿಗೇ ಗೊತ್ತು ಅಂದ್ರಿ," ನನ್ನಾಕೆ ಮುಂದುವರಿಸಿದಳು, ಈಗ ಹೆಂಡತಿಯ ಕಡೆ ತಿರುಗಿ. "ಒತ್ತಿದ್ದು ನೀವಮ್ಮ, ಒಂದು ಸಲವೂ ತಡವರಿಸದೆ. ಹುಡುಗೀನ ಫ್ಯಾನ್ ಆರಿಸು ಅಂತ ಕೆಳಗೆ ಕಳಿಸಿದ್ದೂ ನೀವೇ. ಜೇಬಲ್ಲಿದ್ದ ಕನ್ನಡಕ ಕೆಳಗಿದೆ ಅಂತ ಇವರನ್ನ ಅವಳ ಹಿಂದೆ ಕಳಿಸಿದ್ದೂ ನೀವೇ. ಇವರು ನಮ್ಮ ಮನೆಯವರನ್ನ ಹಲ್ಲಿನ ವಿಷಯ ಎರಡು ಸಲ ಕೇಳಿದ್ರು, ಅದೇ ಮಾತಲ್ಲಿ. ಎಷ್ಟು ದಿನದಿಂದ ಹೀಗೆ?"

ಆಕೆ ಗಂಡನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹೋದ ಬೇಸಿಗೆಯಿಂದ," ಎಂದರು. "ನಿನ್ನೆ ಊಟಕ್ಕೆ ಕರೆಯೋಕೆ ಇಳಿದೆ. ಟ್ರೇ ತೊಳೀತಿದ್ರು. ಯಾವುದು ಅಂತ ನೋಡಿದ್ರೆ ಆ ಹೆಂಗಸಿಂದು. ಎಲ್ಲಾ ಆಗಿಹೋಗಿತ್ತು. ಇವರು ಮೇಲೆ ಹೋದ್ಮೇಲೆ ನಾನೇ ಆಟ ತೆಗೆದಿಟ್ಟೆ, ಪಾಸ್‌ವರ್ಡು ಇವರು ಮರೀತಾರೆ ಅಂತ ನಾನು ನೆನಪಿಟ್ಕೊಂಡಿದ್ದೆ. ಇವರಿಗೆ ಗೊತ್ತಾದ್ರೆ ಬೆಂಚಿಂದ ಎದ್ದುಬಿಡ್ತಾರೆ. ಎದ್ದ ಮೇಲೆ ಇವರು ಉಳಿಯಲ್ಲ ಅಂತ ನನಗೆ ಗೊತ್ತು. ಅವಳು ಚಿಕ್ಕವಳು, ನಾಲ್ಕು ಬೈಗುಳ ತಿಂದು ಸುಧಾರಿಸ್ಕೋತಾಳೆ ಅಂದ್ಕೊಂಡೆ. ಮನೆ ಬಿಡು ಅಂತಾರೆ ಅಂತ ಅಂದ್ಕೊಂಡಿರ್ಲಿಲ್ಲ. ಅಂದ ಮೇಲೆ ಬಾಯಿ ಬಿಡೋಕೆ ಆಗ್ಲಿಲ್ಲ."

ಹುಡುಗಿ ಅತ್ತೆಯನ್ನೇ ನೋಡುತ್ತಿದ್ದಳು. ಅವಳು ಕೂಗಾಡುತ್ತಾಳೆಂದು ನಾನು ಎಣಿಸಿದ್ದೆ.

"ಒಂದು ಮಾತು ಹೇಳಿದ್ದಿದ್ರೆ ಅತ್ತೆ," ಎಂದಳು, "ನಾನೇ ಮಾಡಿದೆ ಅಂತ ನಾನೇ ಒಪ್ಕೊಂಡುಬಿಡ್ತಿದ್ದೆ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಯಜಮಾನ ತನ್ನ ಕೈಗಳನ್ನು ಬೆಂಚಿನ ಮೇಲಿಟ್ಟು, ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತ. ಆಮೇಲೆ ಅಂಟಿಸಿದ ಮಾದರಿಯನ್ನೆತ್ತಿ ಬೆಳಕಿಗೆ ಹಿಡಿದು, ಅಂಗುಳಿನ ಬಿರುಕುಗಳ ಮೇಲೆ ಹೆಬ್ಬೆರಳಾಡಿಸಿದ. ಒಂದು ಚೂರೂ ತಪ್ಪಿ ಕೂತಿರಲಿಲ್ಲ. "ಸ್ಕ್ಯಾನ್ ಮಾಡು. ಬೆಳಗಾಗೋದ್ರೊಳಗೆ ತಟ್ಟೆ ಆಗ್ಬೇಕು," ಎಂದ.

ಹುಡುಗಿ ಮಾದರಿಯನ್ನು ತೆಗೆದುಕೊಳ್ಳಲು ಕೈಚಾಚಿದಳು. ಅವನು ಬಿಡಲಿಲ್ಲ.

"ಇನ್ನೊಂದು ಕೆಲಸ ಇದೆ. ಸ್ಕ್ಯಾನ್ ಅಳಿಸೋ ಕಡೆಗೆ ಬೀಗ ಹಾಕು. ಡ್ರಾಯರ್ ಕೀಲಿಕೈ ತಗೋ. ಪಾಸ್‌ವರ್ಡು ನಿನಗೊಬ್ಬಳಿಗೇ ಗೊತ್ತಿರಲಿ. ನಿನ್ನ ಅತ್ತೆಗೆ ಹೇಳ್ಬೇಡ, ಅವಳು ನನಗೆ ಕೊಟ್ಟುಬಿಡ್ತಾಳೆ. ನಾನು ಕೇಳ್ತೀನಿ. ಬೈತೀನಿ, ಹೊರಗೆ ಹಾಕ್ತೀನಿ ಅಂತೀನಿ. ಏನಂದ್ರೂ ಕೊಡ್ಬೇಡ."

"ಆಯ್ತು ಮಾವ."

ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತಳು. ಕೀಬೋರ್ಡಿನ ಮೇಲೆ ಕೈಯಿಟ್ಟವಳು ಒತ್ತದೆ ತಡೆದಳು. ಯಜಮಾನ ಅವಳ ಬೆನ್ನ ಹಿಂದೆಯೇ ನಿಂತು ಪರದೆ ನೋಡುತ್ತಿದ್ದ.

"ಆ ಕಡೆ ತಿರುಗಿ ಮಾವ," ಎಂದಳು ಮೆಲ್ಲಗೆ.

ಅವನು ಮಗುವಿನಂತೆ ಗೋಡೆಯ ಕಡೆ ತಿರುಗಿ ನಿಂತ. ಕೀಲಿಗಳ ಸದ್ದು ನಿಲ್ಲುವವರೆಗೂ ತಿರುಗಲಿಲ್ಲ. ನನ್ನಾಕೆ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.